ಬಾಣಂತನ ಮುಗಿಸಿ ಬಂದ ತಾಯಂದಿರಿಗೆ



ತೊಟ್ಟಿಲು, ಮಗುವಿನ ಬಟ್ಟೆಯ ಗಂಟು, ಹರಳೆಣ್ಣೆ ಬಾಟಲಿ, ಅಮ್ಮ ಹುರಿದು ಬೀಸಿಕೊಟ್ಟ ರಾಗಿ ಸರಿ ಹಿಟ್ಟಿನ ಡಬ್ಬಿ ಎಲ್ಲವನ್ನೂ ಕಾರಿನ ಡಿಕ್ಕಿಗೋ ಬಸ್ಸಿನ ಸೀಟಿನ ಕೆಳಕ್ಕೋ ತುಂಬಿಕೊಂಡು, ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ತವರಿನಿಂದ ಗಂಡನ ಮನೆಗೆ ಮರಳಿದವರಿಗಾಗಿ ಈ ಪತ್ರ. ಬಾಗಿಲಲ್ಲಿ ಆರತಿ ಎತ್ತಿದ್ದಾಯಿತು. ಅಕ್ಕಪಕ್ಕದವರು ಬಂದು ಮೂಗು ಯಾರದ್ದು, ಹಣೆ ಯಾರದ್ದು ಎಂದು ಹೋಲಿಸಿ ನೋಡಿ, ಮಗುವಿನ ಕೈಗೆ ದುಡ್ಡಿಟ್ಟು ಹೋದದ್ದೂ ಆಯಿತು. ಬಿಡಲು ಬಂದ ಅಮ್ಮ ಎರಡು ದಿನ ಇದ್ದು ಊರಿಗೆ ಹೊರಟರು. ಸೋಮವಾರ ಬೆಳಗ್ಗೆ ಗಂಡ ಕೆಲಸಕ್ಕೆ ಹೋದ. ಈಗ ಮನೆಯಲ್ಲಿ ಉಳಿದದ್ದು ನೀವು ಮತ್ತು ಮಗು.

ನಾನು ಎರಡು ಮಕ್ಕಳ ತಾಯಿ. ದೊಡ್ಡವಳಿಗೆ ನಾಲ್ಕು ವರ್ಷ, ಚಿಕ್ಕವನಿಗೆ ಒಂದೂವರೆ. ತವರು ಹಾಸನದ ಕಡೆಯ ಹಳ್ಳಿ, ಇರುವುದು ಬೆಂಗಳೂರಿನ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ. ನಿಮಗೆ ಹೇಳಬೇಕೆಂದಿರುವುದು ಒಂದೇ ಮಾತು. ಬಾಣಂತನ ಮುಗಿದ ದಿನ ನಮ್ಮ ಸುತ್ತ ಇದ್ದ ಕೈಗಳೆಲ್ಲ ಒಮ್ಮೆಗೇ ಹೊರಟುಹೋಗುತ್ತವೆ. ಮಗುವಿನ ಕೆಲಸ ಹೆಚ್ಚುವುದು ಮಾತ್ರ ಆ ದಿನದಿಂದಲೇ. ಈ ಲೆಕ್ಕ ತಾಳೆಯಾಗದ ಕಾರಣಕ್ಕೆ ನೀವು ದಣಿಯುತ್ತಿದ್ದೀರಿ. ನಿಮ್ಮಲ್ಲಿ ಏನೋ ಕೊರತೆಯಿದೆ ಎಂದುಕೊಳ್ಳಬೇಡಿ.

ಬಾಣಂತನ ಎಂದಾಗ ನಮಗೆ ಮೊದಲು ನೆನಪಾಗುವುದು ಅದರ ಊಟ-ಉಪಚಾರ. ಹಂಡೆ ತುಂಬ ಬಿಸಿನೀರು, ತಲೆಗೆ ಕಟ್ಟಿದ ಬಟ್ಟೆ, ಕಿವಿಗೆ ಹತ್ತಿ, ಸೊಂಟಕ್ಕೆ ಬಿಗಿದ ಹಳೇ ಸೀರೆ. ನಮ್ಮ ಕಡೆ ಬೆಳ್ಳುಳ್ಳಿ-ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು. ಉತ್ತರ ಕರ್ನಾಟಕದಲ್ಲಿ ಅಂಟಿನುಂಡಿ, ಅಳವಿ ಪಾಯಸ, ಕೊಬ್ಬರಿ, ಉತ್ತತ್ತಿ. ಕರಾವಳಿಯಲ್ಲಿ ಲೇಹ, ಕಷಾಯ. ಇದೆಲ್ಲದರ ಹಿಂದೆ ಇದ್ದ ಕೆಲಸದ ಹಂಚಿಕೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಒಲೆಗೆ ಸೌದೆ ಒಟ್ಟುವವರು ಒಬ್ಬರು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಬೆನ್ನಿಗೆ ಎಣ್ಣೆ ತಿಕ್ಕಿ, ಅಂಗೈ ಅಡ್ಡ ಹಿಡಿದು ಮೂಗಿಗೆ ನೀರು ಹೋಗದ ಹಾಗೆ ತಲೆಗೆ ಚೊಂಬು ಬಗ್ಗಿಸುವವರು ಇನ್ನೊಬ್ಬರು. ಸಾಂಬ್ರಾಣಿ ಹೊಗೆ ಕೊಟ್ಟು, ಮೆತ್ತನೆ ಹಳೇ ಪಂಚೆಯಲ್ಲಿ ಸುತ್ತಿ, ನಿಮ್ಮ ಮಡಿಲಿಗೆ ತಂದುಕೊಡುವವರು ಮತ್ತೊಬ್ಬರು. ಉಚ್ಚೆ ಬಟ್ಟೆ ಒಗೆದು ಬಿಸಿಲಿಗೆ ಹಾಕಲು ಒಂದು ಕೈ, ತೊಟ್ಟಿಲ ಹಗ್ಗ ಎಳೆಯಲು ಮನೆಯ ಹುಡುಗರ ಪುಟ್ಟ ಕೈ. ಹಾಲೂಡಿಸುವುದು, ಉಣ್ಣುವುದು, ಮಲಗುವುದು ಇಷ್ಟೇ ನಿಮ್ಮ ಪಾಲಿಗೆ ಬರುತ್ತಿತ್ತು.

ಆ ಬಾಣಂತನದಲ್ಲಿ ಬಿಡಬೇಕಾದವೂ ಇದ್ದವು. ಬಾಣಂತಿಗೆ ಕುಡಿಯಲು ಸಾಕಷ್ಟು ನೀರು ಕೊಡದಿರುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ಸವರುವುದು. ಹಳದಿ ಹಾಲು ಮಗುವಿಗೆ ಸಿಗುವ ಮೊದಲ ರಕ್ಷಣೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರು ಕೂಡ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನೇ ನಮ್ಮ ಆಶಾ ಕಾರ್ಯಕರ್ತೆಯರೂ ಮನೆ ಬಾಗಿಲಿಗೆ ಬಂದು ಹೇಳುತ್ತಾರೆ. ಈ ರೂಢಿಗಳನ್ನು ಧೈರ್ಯವಾಗಿ ಬಿಡೋಣ. ಆದರೆ ತಾಯಿಯೊಬ್ಬಳ ಸುತ್ತ ನಾಲ್ಕು ಜನ ನಿಲ್ಲಬೇಕು ಎಂಬ ತಿಳಿವಳಿಕೆ ಬಾಣಂತನದ ಜೀವಾಳ. ಅದನ್ನು ಮೂರು ತಿಂಗಳಿಗೆ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಏಕೆಂದರೆ ಮೂರನೇ ತಿಂಗಳ ಕೂಸು ಇಟ್ಟ ಜಾಗದಲ್ಲಿ ಇರುತ್ತದೆ. ದಿನದ ಬಹುಪಾಲು ನಿದ್ದೆ ಮಾಡುತ್ತದೆ. ನಾಲ್ಕು-ಐದನೇ ತಿಂಗಳಿಗೆ ಮಗುಚಿಕೊಳ್ಳಲು ಶುರುಮಾಡಿದ ಮೇಲೆ ಮಂಚದ ಮೇಲೆ ಒಂದು ಕ್ಷಣವೂ ಬಿಟ್ಟು ಹೋಗುವಂತಿಲ್ಲ. ಆರಕ್ಕೆ ಮೇಲಾಹಾರ. ಎಂಟಕ್ಕೆ ಅಂಬೆಗಾಲು, ನೆಲದ ಮೇಲೆ ಬಿದ್ದ ಸಾಸಿವೆ ಕಾಳೂ ಅದರ ಬಾಯಿಗೆ. ಒಂಬತ್ತು-ಹತ್ತಕ್ಕೆ ಅಮ್ಮ ಕಣ್ಣಿಗೆ ಕಾಣದಿದ್ದರೆ ಜಗತ್ತೇ ಮುಳುಗಿದ ಹಾಗೆ ಅಳು. ವರ್ಷಕ್ಕೆ ನಡಿಗೆ, ಒಂದೂವರೆಗೆ ಓಟ, ಎರಡಕ್ಕೆ ಎಲ್ಲದಕ್ಕೂ ‘ಬೇಡ’. ತವರಿನಲ್ಲಿ ಐದು ಜನರಿದ್ದಾಗ ಸುಮ್ಮನೆ ಮಲಗಿದ್ದ ಕೂಸು, ನೀವೊಬ್ಬರೇ ಇರುವ ಮನೆಗೆ ಬಂದಮೇಲೆ ಎದ್ದು ನಿಲ್ಲುತ್ತದೆ. ಹಿಂದಿನ ಕಾಲದ ಸೊಸೆ ಮರಳುತ್ತಿದ್ದದ್ದು ತುಂಬಿದ ಮನೆಗೆ. ಅತ್ತೆ, ವಾರಗಿತ್ತಿ, ನಾದಿನಿ, ಜಗಲಿಯಲ್ಲಿ ಕೂತ ಮಾವ, ಬೀದಿಯ ಮಕ್ಕಳು. ಆ ಮನೆಗಳಲ್ಲಿ ಸೊಸೆಗೆ ಸುಖವೇ ಇತ್ತೆಂದು ನಾನು ಹೇಳುತ್ತಿಲ್ಲ. ಬಚ್ಚಲಿಗೆ ಹೋಗುವಾಗ ಕೂಸನ್ನು ಕೊಡಲು ಒಂದು ಮಡಿಲಂತೂ ಇರುತ್ತಿತ್ತು. ನಾವು ಮರಳುತ್ತಿರುವುದು ಬೀಗ ತೆಗೆದು ಒಳಹೋಗುವ ಮನೆಗೆ. ಹುಬ್ಬಳ್ಳಿಯಾಗಲಿ, ಮೈಸೂರಾಗಲಿ, ಪುಣೆ-ಮುಂಬೈಯಾಗಲಿ, ಸಮುದ್ರ ದಾಟಿ ಹೋದವರ ಊರಾಗಲಿ, ಕತೆ ಇದೇ.

ಒಂದು ಬೆಳಗನ್ನು ಹತ್ತಿರದಿಂದ ನೋಡೋಣ. ಎಂಟು ತಿಂಗಳ ಮಗುವಿಗೆ ರಾಗಿ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಗಾಳಿಸಿದ ಹಿಟ್ಟು ಅದು; ಡಬ್ಬಿಯಲ್ಲಿ ಇರುವಾಗಲೇ ಎರಡು-ಮೂರು ದಿನದ ದುಡಿಮೆ ಅದರೊಳಗಿರುತ್ತದೆ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಒಲೆ ಮೇಲಿಟ್ಟರೆ ಕೈ ಬಿಡದೆ ತಿರುವಬೇಕು. ಅದೇ ಹೊತ್ತಿಗೆ ಕಾಲ ಬಳಿ ಮಗು ಸೀರೆಯ ನೆರಿಗೆಯನ್ನೋ ನೈಟಿಯ ಅಂಚನ್ನೋ ಹಿಡಿದು ಎದ್ದು ನಿಲ್ಲಲು ನೋಡುತ್ತಿರುತ್ತದೆ. ಒಂದು ಕೈಯಲ್ಲಿ ಸೌಟು, ಸೊಂಟದಲ್ಲಿ ಕೂಸು, ಮುಖ ಮಾತ್ರ ಹಬೆಗೆ ದೂರ. ಆರಿಸಿ, ತುಪ್ಪ ಹಾಕಿ, ಬಟ್ಟಲು ತಂದು ಕೂತರೆ ಮೊದಲ ಮೂರು ತುತ್ತು ಖುಷಿಯಾಗಿ ಹೋಗುತ್ತದೆ. ನಾಲ್ಕನೆಯದು ತುಟಿಯ ಮೇಲೆ, ಐದನೆಯದು ನಿಮ್ಮ ತೋಳಿನ ಮೇಲೆ. ಆರನೆಯದಕ್ಕೆ ಮಗು ಬಟ್ಟಲಿಗೇ ಕೈ ಅದ್ದಿ, ಅಂಗೈಯನ್ನು ಹಿಸುಕಿ, ಬೆರಳ ಸಂದಿಯಿಂದ ಹೊರಬರುವ ರಾಗಿಯನ್ನು ಬಹಳ ಹೊತ್ತು ನೋಡುತ್ತದೆ. ಆ ನೋಟವನ್ನು ನೀವು ಗಮನಿಸಿದ್ದೀರಾ? ಹುಬ್ಬು ಕೂಡಿರುತ್ತದೆ, ಉಸಿರು ನಿಧಾನವಾಗುತ್ತದೆ, ಜೊಲ್ಲು ಇಳಿಯುತ್ತಿದ್ದರೂ ಪರಿವೆಯಿಲ್ಲ. ಬಿಸಿ, ಅಂಟು, ಜಾರು ಎಂಬುದೆಲ್ಲ ಅದಕ್ಕೆ ಆ ಗಳಿಗೆಯಲ್ಲಿ ತಿಳಿಯುತ್ತಿದೆ.

ಅದು ಮುಗಿದು ಮಗುವಿನ ಕೈ-ಮುಖ ತೊಳೆಸಿ ತಿರುಗುವ ಹೊತ್ತಿಗೆ ಕೆಳಗಿನ ಕಪಾಟಿನಿಂದ ಅವಲಕ್ಕಿ ಡಬ್ಬಿ ಹೊರಬಂದಿರುತ್ತದೆ. ನಮ್ಮ ಮನೆಯ ಒಂದೂವರೆ ವರ್ಷದವನ ನಿತ್ಯದ ಕಾಯಕ ಇದು. ಡಬ್ಬಿ ಉರುಳಿಸಿ, ಮುಚ್ಚಳ ತೆಗೆದು, ಅವಲಕ್ಕಿಯನ್ನು ಲೋಟಕ್ಕೆ ತುಂಬಿ, ಲೋಟದಿಂದ ನೆಲಕ್ಕೆ ಸುರಿದು, ಸುರಿದಾಗ ಆಗುವ ಸದ್ದು ಕೇಳಿ ನನ್ನ ಮುಖ ನೋಡಿ ನಗುತ್ತಾನೆ. ಅದೇ ಲೋಟಕ್ಕೆ ಚಪ್ಪಲಿ ಹಿಡಿಸುತ್ತದೆಯೋ ಎಂದು ನೋಡುತ್ತಾನೆ. ಮನೆ ಅಸ್ತವ್ಯಸ್ತವಾಗುವುದು ನಿಜ. ನಡುಮನೆಯಲ್ಲಿ ಈರುಳ್ಳಿ, ಮಂಚದಡಿ ಸೌಟು, ದೇವರ ಮನೆಯ ಗಂಟೆ ಬಕೆಟ್ಟಿನೊಳಗೆ. ಆದರೆ ಬೀಳಿಸಿದ ವಸ್ತು ಕೆಳಗೇ ಬೀಳುತ್ತದೆ, ದೊಡ್ಡದು ಚಿಕ್ಕದರೊಳಗೆ ಹೋಗುವುದಿಲ್ಲ, ಮುಚ್ಚಿಟ್ಟದ್ದು ಅಲ್ಲೇ ಇರುತ್ತದೆ ಎಂಬ ಪಾಠಗಳನ್ನು ಮಗು ಇದೇ ನೆಲದ ಮೇಲೆ ಕಲಿಯುತ್ತದೆ. ಹಾಗಾಗಿ ಬಿಸಿ ಪಾತ್ರೆ, ಚಾಕು, ಔಷಧಿ, ಫಿನಾಯಿಲ್, ನೀರು ತುಂಬಿದ ಬಕೆಟ್ಟು ಇಷ್ಟನ್ನು ಕೈಗೆ ಸಿಗದ ಹಾಗೆ ಇಟ್ಟು, ಉಳಿದದ್ದನ್ನು ಚೆಲ್ಲಲು ಬಿಡಿ. ಸಂಜೆ ಗುಡಿಸಿದರಾಯಿತು, ಗುಡಿಸದಿದ್ದರೂ ಆಯಿತು.

ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಮೊದಲ್ಗೊಂಡು ನಮ್ಮ ತ್ರಿಪದಿಗಳ ಸಂಗ್ರಹಗಳಲ್ಲಿ ಕೂಸಿನ ಮೇಲಿನ ಹಾಡುಗಳಿಗೆ ಒಂದು ದೊಡ್ಡ ಪಾಲಿದೆ. ಓದುಬರಹ ಬಾರದ, ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಕಟ್ಟಿದ ಹಾಡುಗಳು. ಅವುಗಳಲ್ಲಿ ಕೂಸಿನ ಅಳು ಇದೆ, ರಚ್ಚೆ ಇದೆ, ಕೂಸಿನ ದೆಸೆಯಿಂದ ಕೆಡುವ ಮನೆಗೆಲಸವೂ ಇದೆ. ಕೆಡಲಿ ಬಿಡು ಎನ್ನುವ ತಾಯಿಯ ಗಟ್ಟಿತನವೂ ಇದೆ. ಅವರಿಗಿಂತ ಎಷ್ಟೋ ಅನುಕೂಲ ಇರುವ ನಾವು ನಡುಮನೆಯ ಕಸಕ್ಕೆ ಕುಗ್ಗಬೇಕಾಗಿಲ್ಲ.

ರಾತ್ರಿಯ ಮಾತು ಬೇರೆ. ಹಗಲಿನ ದಣಿವಿಗೆ ಹೆಸರಿದೆ, ರಾತ್ರಿಯದಕ್ಕೆ ಇಲ್ಲ. ಹಲ್ಲು ಬರುವಾಗಿನ ಕಿರಿಕಿರಿ, ಮೂಗು ಕಟ್ಟಿದ ರಾತ್ರಿ, ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿನ ಜ್ವರ. ತೊಡೆಗೆ ತಣ್ಣನೆ ಬಟ್ಟೆ ಇಟ್ಟು, ಮಗುವನ್ನು ಹೆಗಲಿಗೆ ಹಾಕಿಕೊಂಡು, ದೀಪ ಹಾಕದೆ, ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುವ ಆ ನಡಿಗೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದು ಲೆಕ್ಕಕ್ಕೆ ಬರುವ ಒಂದು ಜಾಗವನ್ನು ನಾನು ತೋರಿಸುತ್ತೇನೆ. ನಿಮ್ಮ ತಾಯಿ ಕಾರ್ಡನ್ನು ತೆಗೆದು ನೋಡಿ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷ ತುಂಬುವಾಗ ಸುಮಾರು ಮೂರರಷ್ಟು ಆಗಿರುತ್ತದೆ. ಕಾರ್ಡಿನ ಆ ತೂಕದ ಗೆರೆ ಮೇಲೇರಿದ್ದು ನಿಮ್ಮ ಹಾಲಿನಿಂದ, ನೀವು ಕಳೆದುಕೊಂಡ ನಿದ್ದೆಯಿಂದ. ಮಗುವಿನ ಜೀವನದಲ್ಲಿ ಮತ್ತೆಂದೂ ಅಷ್ಟು ವೇಗದ ಬೆಳವಣಿಗೆ ಬರುವುದಿಲ್ಲ. ನೀವು ದಣಿದಿದ್ದರೆ ಅದಕ್ಕೆ ತಕ್ಕ ಕಾರಣವಿದೆ.

ಮನೆಗೆ ಬಂದವರು ಈ ಕಾರ್ಡು ನೋಡುವುದಿಲ್ಲ, ಮಗುವಿನ ಕೆನ್ನೆ ನೋಡುತ್ತಾರೆ. ‘ಸಣ್ಣಗಾಗಿದೆಯಲ್ಲ?’ ‘ಹಾಲು ಸಾಲುತ್ತಿಲ್ಲವೇನೋ.’ ‘ನಮ್ಮ ಮೊಮ್ಮಗು ಇಷ್ಟೊತ್ತಿಗೆ ನಡೆಯುತ್ತಿತ್ತು.’ ಬಹುತೇಕರು ಅಕ್ಕರೆಯಿಂದಲೇ ಆಡುವ ಮಾತು. ಹೊರಟುಹೋದ ಮೇಲೆ ಅದು ತಾಯಿಯ ಎದೆಯೊಳಗೆ ಎಷ್ಟು ದಿನ ಉಳಿಯುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಉತ್ತರ ಕೊಡಲು ಹೋಗಬೇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ, ಮಗು ಆಡುತ್ತಿದ್ದರೆ, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ. ಗೆರೆ ಇಳಿದರೆ ಡಾಕ್ಟರಿದ್ದಾರೆ. ಮಧ್ಯದಲ್ಲಿ ಪಕ್ಕದ ಮನೆಯ ಮೊಮ್ಮಗುವಿಗೆ ಏನೂ ಕೆಲಸವಿಲ್ಲ.

‘ನಾವು ಐದು ಮಕ್ಕಳನ್ನು ಸಾಕಲಿಲ್ಲವೇ?’ ಎಂದು ನಮ್ಮ ಅಜ್ಜಿಯರು ಕೇಳುತ್ತಾರಲ್ಲ, ಅದನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಸಾಕಿದರು, ಗದ್ದೆ ಕೆಲಸದ ನಡುವೆ ಮರಕ್ಕೆ ಜೋಲಿ ಕಟ್ಟಿ ಸಾಕಿದರು. ಐದರಲ್ಲಿ ಒಂದೋ ಎರಡೋ ಕೂಸನ್ನು ಮಣ್ಣಿಗೆ ಕೊಟ್ಟ ಅಜ್ಜಿಯರೂ ಅವರೇ. ಆ ದುಃಖವನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ಅವರೊಡನೆ ವಾದಕ್ಕೆ ಇಳಿಯುವ ಬದಲು ಅವರ ಪಕ್ಕದಲ್ಲಿ ಕೂತು ಕೇಳಿ: ನೀವು ನೀರು ಸೇದಲು ಹೋದಾಗ ಕೂಸು ಯಾರ ಹತ್ತಿರ ಇರುತ್ತಿತ್ತು, ಅಜ್ಜಿ? ಅವರು ಹೆಸರುಗಳನ್ನು ಹೇಳುತ್ತಾ ಹೋಗುತ್ತಾರೆ. ಚಿಕ್ಕತ್ತೆ, ದೊಡ್ಡ ಮಗಳು, ಎದುರುಮನೆಯ ಗೌರಮ್ಮ, ಕಣ್ಣು ಕಾಣದ ಮುತ್ತಜ್ಜಿ. ಆ ಹೆಸರುಗಳ ಪಟ್ಟಿಯೇ ನಮಗೆ ಬೇಕಾದದ್ದು.

ಕಷ್ಟದ ಬಗ್ಗೆ ಇಷ್ಟು ಹೇಳಿ ಸಂತೋಷದ ಬಗ್ಗೆ ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಎಳೆಗೂಸಿನ ತಾಯಿಗೆ ಸಿಗುವ ಸಂತೋಷ ಬೇರೆ ಯಾವ ವಯಸ್ಸಿನಲ್ಲೂ, ಬೇರೆ ಯಾವ ಕೆಲಸದಲ್ಲೂ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ. ಎಣ್ಣೆ ನೀರು ಹಾಕಿದ ಮೇಲೆ ಮಗುವಿನ ನೆತ್ತಿಯ ವಾಸನೆ. ಹಾಲು ಕುಡಿಯುತ್ತಾ ಕುಡಿಯುತ್ತಾ ಒಮ್ಮೆ ಬಾಯಿ ಬಿಟ್ಟು, ನಿಮ್ಮ ಮುಖ ನೋಡಿ, ನಕ್ಕು, ಮತ್ತೆ ಕುಡಿಯಲು ತೊಡಗುವ ಆ ಗಳಿಗೆ. ನಿದ್ದೆಯಲ್ಲಿ ದೇವರು ಆಡಿಸುತ್ತಾನೆ ಎನ್ನುತ್ತೇವಲ್ಲ, ಆ ಅರೆನಗು. ಮೊದಲ ಮಳೆಗೆ ಬಾಲ್ಕನಿಯ ಕಂಬಿಯ ಸಂದಿಯಿಂದ ಕೈ ಹೊರಚಾಚಿ, ಅಂಗೈ ಮೇಲೆ ಬಿದ್ದ ಹನಿ ಎಲ್ಲಿ ಹೋಯಿತೆಂದು ಕೈ ಮಗುಚಿ ನೋಡುವುದು.

ಮಾತು ಬರುವ ಕಾಲವಂತೂ ಹಬ್ಬ. ಮಮ್ಮು, ತಾಚಿ, ಅಬ್ಬು, ಟಾಟಾ. ಇಷ್ಟೇ ಮಾತುಗಳಲ್ಲಿ ಹಸಿವು, ನಿದ್ದೆ, ನೋವು, ಬೀದಿ ಎಲ್ಲವೂ ಮುಗಿದುಹೋಗುತ್ತದೆ. ನನ್ನ ದೊಡ್ಡವಳು ಎರಡರ ಹತ್ತಿರ ಇದ್ದಾಗ ಇರುವೆ ಸಾಲನ್ನು ನೋಡಿ ‘ಟಾಟಾ’ ಎಂದಳು. ಇರುವೆಗಳೆಲ್ಲ ಎಲ್ಲಿಗೋ ಹೊರಟಿವೆ ಎಂದು ಅವಳಿಗೆ ಗೊತ್ತಾಗಿತ್ತು. ಈಗ ಅವಳೇ ತಮ್ಮನಿಗೆ ಇರುವೆ ತೋರಿಸುತ್ತಾಳೆ. ಅವನು ತುಳಿಯಲು ಹೋದರೆ ಕೈ ಹಿಡಿದು ಎಳೆಯುತ್ತಾಳೆ. ಅವನು ಬಿದ್ದು ಅತ್ತರೆ ನೆಲಕ್ಕೆ ಎರಡು ಹೊಡೆದು ಸಮಾಧಾನ ಮಾಡುತ್ತಾಳೆ. ನಮ್ಮ ಅಮ್ಮನಿಂದ ಕಲಿತದ್ದು.

ಒಂದು ಮಧ್ಯಾಹ್ನ ಚಿಕ್ಕವನಿಗೆ ಮೊಸರನ್ನ ಕಲಸಿ ತಿನ್ನಿಸುತ್ತಿದ್ದೆ. ನಾನು ಇನ್ನೂ ಉಂಡಿರಲಿಲ್ಲ. ಅವನು ಬಟ್ಟಲಿನಿಂದ ಒಂದಿಷ್ಟು ಅನ್ನವನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಮಡಿಲಿನಿಂದ ಎದ್ದು ನಿಂತು, ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದುಕೊಂಡು, ಬಾಯಿಗೆ ಇಟ್ಟ. ಅರ್ಧ ಬಾಯೊಳಗೆ ಹೋಯಿತು, ಅರ್ಧ ಕುತ್ತಿಗೆಯ ಕೆಳಗೆ ಇಳಿಯಿತು. ನಾನು ಅವನಿಗೆ ಮಾಡುವ ಹಾಗೆಯೇ ತಾನೂ ಬಾಯಿ ತೆರೆದು ‘ಆ’ ಎಂದ. ನುಂಗುವವರೆಗೂ ಕಾದು, ಎರಡನೇ ಮುಷ್ಟಿ ತುಂಬಿಕೊಂಡ. ಮಾತು ಬಾರದ ಮಗುವಿಗೆ ಇನ್ನೊಬ್ಬರ ಹಸಿವು ತಿಳಿಯುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ನಿಮ್ಮ ಮನೆಯಲ್ಲೂ ಇಂಥದ್ದು ನಡೆಯುತ್ತಿರುತ್ತದೆ. ಆದರೆ ಅದನ್ನು ನೋಡಲು ತಾಯಿಯಲ್ಲಿ ಒಂದಿಷ್ಟು ಶಕ್ತಿ ಉಳಿದಿರಬೇಕು. ನಿದ್ದೆಗೆಟ್ಟ ಕಣ್ಣಿಗೆ ಮೊಸರನ್ನ ಚೆಲ್ಲಿದ್ದು ಮಾತ್ರ ಕಾಣುತ್ತದೆ. ನಾನು ಕೈಗಳ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಮೊಬೈಲಿನ ಮಾತೂ ಇಲ್ಲೇ ಬರುತ್ತದೆ. ಊಟ ಮಾಡಿಸುವಾಗ ಮಗುವಿನ ಮುಂದೆ ಮೊಬೈಲ್ ಇಡುವ ತಾಯಂದಿರನ್ನು ಎಲ್ಲರೂ ಬೈಯುತ್ತಾರೆ. ಎರಡು ವರ್ಷ ತುಂಬದ ಮಗುವಿಗೆ ಪರದೆ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ಸರಿಯಾದ ಮಾತು, ಪಾಲಿಸೋಣ. ಹಾಗೆಯೇ ಬೈಯುವವರಿಗೂ ಒಂದು ಪ್ರಶ್ನೆ ಇದೆ. ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಕಾಗೆ, ನಾಯಿ, ಚಂದಮಾಮ ತೋರಿಸುತ್ತಿದ್ದ ಮನುಷ್ಯರು ಆ ಮನೆಯಲ್ಲಿ ಈಗ ಇದ್ದಾರೆಯೇ? ಅವರು ಖಾಲಿ ಮಾಡಿದ ಜಾಗಕ್ಕೆ ಮೊಬೈಲು ಬಂದು ಕೂತಿದೆ. ಮನುಷ್ಯರು ವಾಪಸು ಬಂದರೆ ಅದು ತಾನಾಗಿ ಎದ್ದುಹೋಗುತ್ತದೆ.

ಮೊದಲು ಬರಬೇಕಾದವನು ಮಗುವಿನ ಅಪ್ಪ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಆ ಕೆಲಸಕ್ಕೆ ಕೈ ಹಾಕುವ ಗಂಡಸರೇ ನೂರಕ್ಕೆ 26. ಸರ್ಕಾರಿ ನೌಕರನಿಗಾದರೆ ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆ ಉಂಟು. ಖಾಸಗಿ ಕಂಪನಿಗಳಲ್ಲಿ ಅದು ಮಾಲೀಕರ ಮನಸ್ಸಿಗೆ ಬಿಟ್ಟದ್ದು. ರಜೆ ಇಲ್ಲದಿದ್ದರೂ ಬೆಳಗಿನ ಸ್ನಾನ ಅಪ್ಪನ ಪಾಲಿಗಿರಲಿ. ನಮ್ಮ ಮನೆಯಲ್ಲಿ ಹಾಗೆಯೇ ನಡೆಯುತ್ತಿದೆ. ಬೆನ್ನಿಗೆ ಎಷ್ಟು ಬಿಸಿ, ತಲೆಗೆ ಎಷ್ಟು ಬಿಸಿ ಎಂಬ ಹದ ನನ್ನ ಗಂಡನ ಕೈಗೆ ಗೊತ್ತು. ಮಕ್ಕಳು ಸ್ನಾನಕ್ಕೆ ಹುಡುಕುವುದು ಅವರನ್ನೇ. ಅತ್ತೆಗೆ ಮೊದಮೊದಲು ಮುಜುಗರವಾಯಿತು. ಈಗ ನೆಂಟರು ಬಂದಾಗ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗಂಡಸಿನ ಕೈ ಒರಟು, ಕೂಸಿಗೆ ಆಗದು ಎಂಬ ಮಾತಿನಲ್ಲಿ ಹುರುಳಿಲ್ಲ. ಚುಚ್ಚುಮದ್ದಿನ ತಾರೀಖು, ಜ್ವರದ ಔಷಧಿಯ ಪ್ರಮಾಣ, ಬೇಸಿಗೆಯಲ್ಲಿ ತೊಡಿಸುವ ಬಟ್ಟೆ ಯಾವ ಕಪಾಟಿನಲ್ಲಿದೆ ಎಂಬುದು ಇವೆಲ್ಲ ಅಪ್ಪನ ತಲೆಯಲ್ಲೂ ಇರಬೇಕು. ಪ್ರತಿಯೊಂದನ್ನೂ ಕೇಳಿ ಮಾಡುವ ಅಪ್ಪನಿಂದ ಕೈಯ ಭಾರ ಇಳಿಯುತ್ತದೆ, ತಲೆಯ ಭಾರ ಇಳಿಯುವುದಿಲ್ಲ.

ಕೆಲಸಕ್ಕೆ ಹೋಗುವ ತಾಯಂದಿರಿಗೆ ಒಂದೆರಡು ಮಾತು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಸಿಕ್ಕಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿ ಬರಬಹುದು ಎಂಬ ನಿಯಮವೂ ಬಂತು. ಇದು ನಿಮ್ಮ ಹಕ್ಕು. ಕೇಳಲು ಹಿಂಜರಿಯಬೇಡಿ, ನಾಲ್ಕು ಜನ ಸೇರಿ ಕೇಳಿ. ಮನೆಗೆಲಸಕ್ಕೆ ಹೋಗುವವರಿಗೆ, ಕಟ್ಟಡದ ಕೆಲಸದವರಿಗೆ, ಕೂಲಿಗೆ ಹೋಗುವವರಿಗೆ ಈ ಸಂಬಳದ ರಜೆ ಕೈಗೆಟುಕುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಕಚೇರಿಗೆ ಹೋಗುವಾಗ ಮಗುವನ್ನು ಎತ್ತಿಕೊಳ್ಳುವ ಅಕ್ಕ ತನ್ನ ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿರುತ್ತಾಳೆ. ಅವಳನ್ನೂ ತಾಯಿ ಎಂದೇ ನೋಡಬೇಕು. ಅವಳ ಮಗುವಿಗೆ ಜ್ವರ ಬಂದ ದಿನ ಸಂಬಳ ಹಿಡಿಯದೆ ಕಳಿಸಬೇಕು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಬಹಳ ಒಳ್ಳೆಯ ಯೋಜನೆ. ನಿಮ್ಮ ಪಂಚಾಯಿತಿಯಲ್ಲಿ ಅದರ ಬಾಗಿಲು ತೆರೆದಿದೆಯೇ, ಅಲ್ಲಿ ನೋಡಿಕೊಳ್ಳುವವರಿಗೆ ಸಮಯಕ್ಕೆ ದುಡ್ಡು ಸಿಗುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಸಣ್ಣ ಆರಂಭವೆಂದು ಕೈಬಿಡಬೇಡಿ; ಅಂಗನವಾಡಿಯಂಥ ದೊಡ್ಡ ವ್ಯವಸ್ಥೆಯೂ ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದದ್ದು ತಿ. ನರಸೀಪುರ ಎಂಬ ಒಂದೇ ತಾಲ್ಲೂಕಿನಿಂದ. 2017ರಿಂದ ಮಾತೃಪೂರ್ಣದ ಬಿಸಿಯೂಟವೂ ಅಲ್ಲಿ ಗರ್ಭಿಣಿ-ಬಾಣಂತಿಯರಿಗೆ ಸಿಗುತ್ತಿದೆ. ಅಂಗನವಾಡಿ ಬಡವರಿಗೆ ಮಾತ್ರ ಎಂದು ಮಧ್ಯಮ ವರ್ಗದ ನಾವು ದೂರ ಉಳಿದಿದ್ದೇವೆ. ಹಾಗೆ ಉಳಿಯುವುದರಿಂದ ನಷ್ಟ ನಮಗೇ.

ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಹೋಗುತ್ತದೆ. ಆದರೆ ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಬೇಕೆನಿಸದಿದ್ದರೆ, ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎನಿಸಿದರೆ ಅದು ಕಾಯಿಲೆ. ದೃಷ್ಟಿ ತಗುಲಿದ್ದಲ್ಲ, ಸೋಮಾರಿತನವಲ್ಲ, ಅಹಂಕಾರವಲ್ಲ. ಔಷಧಿ, ಮಾತುಕತೆ, ನಿದ್ದೆ ಇವುಗಳಿಂದ ವಾಸಿಯಾಗುವ ಕಾಯಿಲೆ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಒಳಗಾದ ತಾಯಿಯನ್ನು ಮಗುವಿನಿಂದ ಬೇರೆ ಮಾಡದೆ, ಇಬ್ಬರನ್ನೂ ಜೊತೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಅಷ್ಟು ದೂರ ಹೋಗಲಾಗದಿದ್ದರೆ 14416 ಸಂಖ್ಯೆಗೆ ಫೋನ್ ಮಾಡಿ. ಅದು ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಬೇಡದಿದ್ದರೂ ಈ ಸಂಖ್ಯೆಯನ್ನು ನಿಮ್ಮ ಗೆಳತಿಯರಿಗೆ ಕಳಿಸಿ. ಅವರಲ್ಲಿ ಯಾರಿಗೋ ಬೇಕಾಗಿರಬಹುದು.

ಕೈಗಳನ್ನು ಮತ್ತೆ ಹೇಗೆ ಕರೆಯುವುದು? ಕೇಳುವುದಕ್ಕೆ ನಮಗೆ ಸಂಕೋಚ. ಎಲ್ಲವನ್ನೂ ತಾನೇ ತೂಗಿಸಿದವಳೇ ಒಳ್ಳೆಯ ತಾಯಿ ಎಂದು ಯಾರು ಹೇಳಿಕೊಟ್ಟರೋ, ಆ ಮಾತನ್ನು ಬಿಟ್ಟುಬಿಡಿ. ನೋಡಲು ಬಂದವರಿಗೆ ಕಾಫಿ ಮಾಡಲು ಓಡಬೇಡಿ. ಮಗುವನ್ನು ಅವರ ಮಡಿಲಿಗೆ ಕೊಟ್ಟು ‘ಅರ್ಧ ಗಂಟೆ ನೋಡ್ಕೊಳ್ಳಿ ಅಕ್ಕ, ತಲೆಗೆ ನೀರು ಹಾಕ್ಕೊಂಡು ಬರ್ತೀನಿ’ ಎಂದು ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ, ಖುಷಿಪಡುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿರುವ ಓನರ್ ಆಂಟಿಗೆ ಮಕ್ಕಳು ಪರದೇಶದಲ್ಲಿದ್ದಾರೆ. ಸಂಜೆ ಐದಕ್ಕೆ ಅವರು ಮೆಟ್ಟಿಲ ಬಳಿ ನಿಂತು ‘ಪುಟ್ಟಾ’ ಎಂದು ಕರೆಯುತ್ತಾರೆ, ನಮ್ಮವನು ಚಪ್ಪಲಿ ಹುಡುಕಲು ಓಡುತ್ತಾನೆ. ಅವರು ತುಳಸಿಗೆ ನೀರು ಹಾಕುವ ಚೊಂಬು ಇವನ ಕೈಗೆ ಬರುತ್ತದೆ. ಆ ಒಂದು ಗಂಟೆಯಲ್ಲಿ ನಾನು ದೊಡ್ಡವಳ ಜೊತೆ ಕೂತು ಅವಳ ಮಾತು ಕೇಳುತ್ತೇನೆ, ಇಲ್ಲವೇ ಸುಮ್ಮನೆ ಮಲಗುತ್ತೇನೆ. ಆಂಟಿಯ ಮುಖದಲ್ಲೂ ಕಳೆ ಬಂದಿದೆ ಎಂದು ಅವರ ಯಜಮಾನರೇ ಹೇಳಿದರು. ಪ್ರತಿ ಬೀದಿಯಲ್ಲೂ ಮಕ್ಕಳಿಗಾಗಿ ಕಾಯುವ ಇಂಥ ಮಡಿಲುಗಳಿವೆ. ಕೂಸಿನ ಜೊತೆ ದಿನಕ್ಕೊಮ್ಮೆ ಕೆಳಗಿಳಿದು ಬೀದಿಯಲ್ಲಿ ಹತ್ತು ಹೆಜ್ಜೆ ನಡೆದರೆ ಅವು ಸಿಗುತ್ತವೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂದು ರಾತ್ರಿ ಮಗು ಮಲಗಿದ ಮೇಲೆ ಈ ಪತ್ರವನ್ನು ಗಂಡನಿಗೆ ಓದಲು ಕೊಡಿ, ಅತ್ತೆಯವರಿಗೆ ನೀವೇ ಓದಿ ಹೇಳಿ. ವಾರದಲ್ಲಿ ಯಾವ ಹೊತ್ತು ಮಗು ಯಾರ ಕೈಯಲ್ಲಿರಬೇಕು ಎಂಬುದನ್ನು ಎಲ್ಲರೂ ಕೂತು ಬರೆದು, ಕ್ಯಾಲೆಂಡರಿನ ಪಕ್ಕ ಅಂಟಿಸಿ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯಬೇಡಿ, ಬಟ್ಟೆ ಮಡಚಬೇಡಿ. ಮಲಗಿ. ಮಗುವಿಗೆ ಮೂರು ವರ್ಷ ತುಂಬುವವರೆಗೂ ಆ ಚೀಟಿಯನ್ನು ಯಾರೂ ಕಿತ್ತುಹಾಕದಂತೆ ನೋಡಿಕೊಳ್ಳಿ.

ಇಂತಿ ನಿಮ್ಮ ಹಾಗೆಯೇ,
ಒಬ್ಬ ತಾಯಿ